ಕ್ಷುದ್ರಗ್ರಹ ಇರುವ ಹುಡುಗಿ

ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಸ್ವಭಾವ ನನ್ನದು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದೀಯ ಎಂದು ಅಮ್ಮ ಬೈಯುತ್ತಿದ್ದಳು. ಅಂಥವಳನ್ನು ಅರವತ್ತರ ದಶಕದ ಒಂದು ಭಾನುವಾರ, ಜಯನಗರದ ನಮ್ಮ ಬಾಡಿಗೆ ಮನೆಯಲ್ಲಿ ಗಂಡಿನ ಕಡೆಯವರೆದುರು ಚಾಪೆಯ ಮೇಲೆ ಕೂರಿಸಿದರು. ಅಪ್ಪ ತೀರಿಹೋಗಿ ವರ್ಷಗಳಾಗಿದ್ದವು, ಹಿರಿಯರೆಂದು ದೊಡ್ಡಪ್ಪ ಮುಂದೆ ಕೂತಿದ್ದರು. ಅಮ್ಮ ಮಾತ್ರ ಅಡುಗೆಮನೆ ಬಾಗಿಲ ಹಿಂದೆ. ಗಂಡ ಸತ್ತವಳು ಇಂಥ ಹೊತ್ತಿನಲ್ಲಿ ಎದುರಿಗೆ ಬರಬಾರದಲ್ಲ! ಆ ಬಾಗಿಲ ಸಂದಿಯನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

“ಸ್ಕೂಲಲ್ಲಿ ಏನಮ್ಮಾ ನಡೀತಿದೆ?” ಎಂದು ಗಂಡಿನ ತಾಯಿ ಕೇಳಿದರು.

ನಾನು ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಎದ್ದು ಒಳಗೆ ಓಡಿದರೆ ಸಾಕಾಗಿತ್ತು. “ಈಗ ನನಗೆ ಕ್ಷುದ್ರಗ್ರಹ ಇದೆ” ಎಂದುಬಿಟ್ಟೆ. ಆ ವಾರ ಕ್ಲಾಸಿನಲ್ಲಿ ನಡೆಯುತ್ತಿದ್ದ ಪಾಠದ ಮಾತು ಅದು.

ಆಕೆ ಬಾಯಿಗಿಟ್ಟಿದ್ದ ಕಾಫಿ ಲೋಟವನ್ನು ಹಾಗೇ ಕೆಳಗಿಟ್ಟರು.

ವಾರದೊಳಗೆ ದೊಡ್ಡಪ್ಪ ಸುದ್ದಿ ತಂದರು. “ಹುಡುಗಿ ಒಪ್ಪಿಗೆಯಂತೆ. ಆದ್ರೆ ಕ್ಷುದ್ರಗ್ರಹ ಇದೆಯಂತಲ್ಲಮ್ಮಾ! ಅದರ ಕಾಟ ತಪ್ಪಬೇಕಾದ್ರೆ ಹೆಸರು ಬದಲಾಯಿಸ್ಲೇಬೇಕಂತೆ. ನಿನ್ನ ಜಾತಕ ಎಷ್ಟು ಸಲ ನೋಡಿದೀನಿ, ನನಗೆ ಕಾಣಲೇ ಇಲ್ಲ.”

“ಅಯ್ಯೋ ದೊಡ್ಡಪ್ಪಾ, ಅದು ನನಗಿರೋದಲ್ಲ. ಆಕಾಶದಲ್ಲಿರೋದು!”

“ಎಲ್ಲಾ ಗ್ರಹಾನೂ ಆಕಾಶದಲ್ಲೇ ಕಣೇ ಇರೋದು. ಜಗಲಿ ಮೇಲೆ ಕೂತಿರುತ್ತಾ?”

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ! ಮಂಗಳಕ್ಕೂ ಗುರುವಿಗೂ ನಡುವೆ ಸೂರ್ಯನನ್ನು ಸುತ್ತುವ ಕಲ್ಲುಬಂಡೆಗಳಿಗೆ ಕ್ಷುದ್ರ ಎಂದು ಹೆಸರಿಟ್ಟ ಪುಣ್ಯಾತ್ಮ ಎದುರಿಗೆ ಸಿಕ್ಕಿದ್ದರೆ ಅವತ್ತು ಅವನ ಗ್ರಹಚಾರ ಬಿಡಿಸುತ್ತಿದ್ದೆ. ಆ ಬಂಡೆಗಳ ಹೆಸರಿಗೂ ಒಂದು ನ್ಯಾಯವಿದೆ. ಮೊದಲು ಕಣ್ಣಿಗೆ ಬಿದ್ದಾಗ ಇಸವಿ, ಒಂದೆರಡು ಅಕ್ಷರ, ಅಷ್ಟೇ. ಸುತ್ತುವ ದಾರಿ ಗಟ್ಟಿಯಾದ ಮೇಲೆ ಒಂದು ನಂಬರು, ನಮ್ಮ ಜಯನಗರದ ರಸ್ತೆಗಳ ಹಾಗೆ. ಆಮೇಲೆ ಹೆಸರು. ಹೆಸರು ಸೂಚಿಸುವ ಹಕ್ಕು ಕಂಡುಹಿಡಿದವರದು. ದೇವತೆಗಳ ಹೆಸರು, ಹೆಂಡತಿಯ ಹೆಸರು, ಸಾಕಿದ ನಾಯಿಯ ಹೆಸರನ್ನೂ ಇಟ್ಟವರಿದ್ದಾರೆ. ಒಮ್ಮೆ ಇಟ್ಟರೆ ಮುಗಿಯಿತು. ಕೆಲವು ಬಂಡೆಗಳು ಕಂಡು, ಹೆಸರಾಗಿ, ಮತ್ತೆ ಎಲ್ಲೋ ತಪ್ಪಿಸಿಕೊಂಡುಬಿಡುತ್ತವೆ. ಎಷ್ಟೋ ವರ್ಷದ ಮೇಲೆ ಸಿಕ್ಕಿದರೂ ಅವುಗಳಿಗೆ ಹಳೆಯ ಹೆಸರೇ. ಕಲ್ಲಿಗಿರುವ ಮರ್ಯಾದೆ ನನಗಿಲ್ಲವೇ ಎಂದು ಮನೆಯ ಉದ್ದಗಲಕ್ಕೂ ಓಡಾಡಿದೆ.

ಹುಡುಗ ಬೇಡವೆನ್ನೋಣವೆಂದರೆ, ಹುಡುಗ ಒಳ್ಳೆಯವನು. ಒಂದು ಸಂಜೆ ನಾಲ್ಕನೇ ಬ್ಲಾಕಿನ ಬಸ್ ಸ್ಟಾಪಿನಲ್ಲಿ ಹೆದರಿಕೊಂಡೇ ಬಂದು ಪಕ್ಕದಲ್ಲಿ ನಿಂತರು.

“ಕ್ಷುದ್ರಗ್ರಹ ಅಂದ್ರೇನು ಅಂತ ನನಗೆ ಗೊತ್ತು ರೀ. ಅಮ್ಮನಿಗೆ ಹೇಳಿ ಹೇಳಿ ಸಾಕಾಯ್ತು. ಅವಕ್ಕೆಲ್ಲ ಹೆಸರಿಡೋದು ಯಾರು?”

“ಕಂಡುಹಿಡಿದೋರು.”

“ಹಾಗಾದ್ರೆ ಕಷ್ಟ. ನಿಮ್ಮನ್ನ ಕಂಡುಹಿಡಿದಿದ್ದು ನಮ್ಮಮ್ಮ” ಎಂದು ನಕ್ಕರು.

“ಅಲ್ಲ, ನಮ್ಮಮ್ಮ. ನಾನು ಹುಟ್ಟಿದ ದಿನಾನೇ” ಎಂದೆ. ನನ್ನ ಹೆಸರನ್ನು ಹಟ ಹಿಡಿದು ಇಟ್ಟವಳು ಅಮ್ಮನೇ.

ಅವರ ನಗು ನಿಂತಿತು. “ಮದುವೆ ದಿನ ಅಕ್ಕಿ ಮೇಲೆ ಉಂಗುರದಲ್ಲಿ ಹೆಸರು ಬರೆಯೋನು ನಾನು. ಯಾರು ಏನೇ ಅನ್ನಲಿ, ನೀವು ಹೇಳಿದ್ದೇ ಬರೀತೀನಿ” ಎಂದರು. ನನ್ನ ಹೆಸರು ಉಳಿಯಿತು ಎಂದುಕೊಂಡು ಬಸ್ಸನ್ನೂ ಕಾಯದೆ ಮನೆಗೆ ನಡೆದೆ.

ಅಮ್ಮನಿಗೆ ಅಷ್ಟು ಸಾಲದು. ಗ್ರಹ ಇರಲಿ ಬಿಡಲಿ, ದೀಪ ಹಚ್ಚಿದರೆ ನಷ್ಟವೇನು ಎಂದು ಮಂಗಳವಾರ ರಾಹುಕಾಲಕ್ಕೆ ಬನಶಂಕರಿ ಗುಡಿಗೆ ಎಳೆದುಕೊಂಡು ಹೋದಳು. ಹಿಂಡಿದ ನಿಂಬೆಹೋಳನ್ನು ಮಗುಚಿ, ಬಟ್ಟಲು ಮಾಡಿ, ತುಪ್ಪ ಹಾಕಿ ಬತ್ತಿ ಇಡುತ್ತಿದ್ದಳು. ಸುಮ್ಮನಿರಲಾರದೆ ಕೇಳಿದೆ, “ಅಮ್ಮಾ, ನಿನ್ನ ಹೆಸರೂ ಬದಲಾಯಿಸಿದ್ರಾ?”

“ಹೂಂ ಮತ್ತೆ. ನಮ್ಮ ಕಾಲದಲ್ಲಿ ಯಾರನ್ನ ಬಿಟ್ಟಿದ್ರು?”

“ಮೊದ್ಲೇನಿತ್ತು?”

ಅಮ್ಮ ಅತ್ತಿತ್ತ ನೋಡಿದಳು. ಮಾಡಬಾರದ್ದನ್ನು ಮಾಡುವವಳ ಹಾಗೆ ನನ್ನ ಕಿವಿಯಲ್ಲಿ ಹೇಳಿದಳು. ಎಷ್ಟು ಚೆಂದದ ಹೆಸರು! ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಂಡವಳಿಗೆ ಅದು ಗೊತ್ತಿರಲಿಲ್ಲ.

“ನಮ್ಮಪ್ಪ ಹೋದ್ಮೇಲೆ ಹಾಗಂತ ಯಾರೂ ಕರೆದಿಲ್ಲ ಕಣೇ. ಕರೆದ್ರೂ ನಾನೇನು ತಿರುಗ್ತೀನಾ? ಬಿಡು, ದೀಪಕ್ಕೆ ಗಾಳಿ ತಾಗುತ್ತೆ, ಅಡ್ಡ ಕೂತ್ಕೋ” ಎಂದಳು. ಕೂತೆ. ಸಿಟ್ಟೂ ಅಳುವೂ ಒಟ್ಟಿಗೇ ಬಂದವು.

ಮದುವೆಯ ದಿನ ಛತ್ರದಲ್ಲಿ ತಟ್ಟೆ ತುಂಬ ಅಕ್ಕಿ ಹರಡಿದರು. ಅತ್ತೆ ಯಾವುದೋ ದೇವಿಯ ಹೆಸರನ್ನು ಆರಿಸಿಟ್ಟಿದ್ದರು. ಅಮ್ಮ ಉಗ್ರಾಣದಲ್ಲಿ ತಾಂಬೂಲದ ಚೀಲ ಕಟ್ಟುತ್ತಿದ್ದಳು. ಮಗಳ ಮದುವೆಯಲ್ಲೂ ಅವಳಿಗೆ ಉಗ್ರಾಣವೇ. ಇವರು ಉಂಗುರ ಹಿಡಿದು, “ಹೇಳಿ, ನಿಮ್ಮ ಹೆಸರೇ ತಾನೇ?” ಎಂದು ಪಿಸುಗುಟ್ಟಿದರು.

ನನ್ನ ಹೆಸರು ಹಿಡಿದು ಕೂಗಲು ಶಾಲೆಯ ತುಂಬ ಮಕ್ಕಳಿದ್ದರು. ಗುಡಿಯಲ್ಲಿ ನನ್ನ ಕಿವಿಗೆ ಬಿದ್ದ ಆ ಇನ್ನೊಂದು ಹೆಸರಿಗೆ ಯಾರೂ ಇರಲಿಲ್ಲ. ಅದನ್ನೇ ಹೇಳಿದೆ. ಅವರು ಒಮ್ಮೆ ನನ್ನ ಮುಖ ನೋಡಿ ಬರೆದರು. ಅತ್ತೆ ಹುಬ್ಬು ಗಂಟಿಕ್ಕಿದರು.

“ಎಲ್ಲರಿಗೂ ಕೇಳೋ ಹಾಗೆ ಕರೀರಿ” ಎಂದರು ಪುರೋಹಿತರು. ಇವರು ಗಟ್ಟಿಯಾಗಿ ಕರೆದರು. ಅಭ್ಯಾಸವಿಲ್ಲದ ಹೆಸರು, ಓ ಅನ್ನುವುದು ನನಗೆ ಹೊಳೆಯಲಿಲ್ಲ.

“ಹಾಂ, ಬಂದೇ...”

ಉಗ್ರಾಣದಿಂದ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿಬಂದಳು, ಚಿಕ್ಕ ಹುಡುಗಿಯ ಹಾಗೆ. ಜನದ ನಡುವೆ ಬಂದ ಮೇಲೆ ಅವಳಿಗೆ ಎಚ್ಚರವಾಯಿತು. ಅಕ್ಕಿ ನೋಡಿದಳು, ನನ್ನನ್ನು ನೋಡಿದಳು. ಬಾಯಿಗೆ ಸೆರಗು ಒತ್ತಿಕೊಂಡು ಹಿಂದಕ್ಕೆ ತಿರುಗಿದಳು.

ಹಸೆಮಣೆ ಬಿಟ್ಟು ಎದ್ದೆ. ದೊಡ್ಡಪ್ಪ ಹೋ ಎಂದರು, ಅತ್ತೆ ಏನೋ ಅಂದರು. ಹೋಗಿ ಅಮ್ಮನ ಕೈ ಹಿಡಿದುಕೊಂಡೆ.

“ಮಧ್ಯದಲ್ಲಿ ಏಳಬಾರದು ಕಣೇ, ಕೂತ್ಕೋ ಹೋಗು” ಎಂದಳು, ಅಳುತ್ತಲೇ.

“ನೀನೂ ಬಾ” ಎಂದೆ. ಅವಳು ಬಂದು ನನ್ನ ಪಕ್ಕದಲ್ಲಿ ನಿಲ್ಲುವ ತನಕ ನಾನು ಕೂರಲಿಲ್ಲ.