ಪಿಚ್ಚರಿನ ಸುರು ನೋಡದ ಚಾಚಾ

ಅವರ ಕೀಲಿಕೈಗೆ ಸೈಕಲ್ ಸ್ಟ್ಯಾಂಡಿನ ಹಳೆಯ ತಗಡಿನ ಬಿಲ್ಲೆ ಕಟ್ಟಿತ್ತು. ಸಿಂದಗಿಯ ನಮ್ಮ ಪಕ್ಕದ ಮನೆಯ ಚಾಚಾ ಒಂದು ಕಾಲಕ್ಕೆ ಟಾಕೀಜಿನ ಮುಂದೆ ಸೈಕಲ್ ಕಾಯುತ್ತಿದ್ದವರು. ಯಾರು ಏನು ಹೇಳಿದರೂ ಗಡ್ಡ ನೀವುತ್ತ, "ಮುಂದ?" ಎನ್ನುತ್ತಿದ್ದರು.

ನನ್ನ ಮೊದಲ ಚಿತ್ರಕಥೆಗಾಗಿ ನಿರ್ದೇಶಕರು ಸಂಕ್ರಾಂತಿಯವರೆಗೆ ಮಾತ್ರ ಕಾಯುವವರಿದ್ದರು. ಹೊಸ ವರ್ಷ ಬಂದರೂ ನಾನು ಮೊದಲ ದೃಶ್ಯವನ್ನೇ ತಿದ್ದುತ್ತ ಕೂತಿದ್ದೆ. ಒಂದು ಸಂಜೆ ಅದನ್ನು ಚಾಚಾಗೆ ಓದಿ ಹೇಳಿದೆ.

"ಮುಂದ?"

"ಇದು ಸರಿಯಾಗದ ಮುಂದ ಹ್ಯಾಂಗ ಹೋಗ್ಲಿ, ಚಾಚಾ?"

ಅವರು ನಕ್ಕರು. "ಎಲ್ಲಾರ ಸೈಕಲ್ ಸಾಲಿಗೆ ಹಚ್ಚಿಸಿ ಒಳಗ ಹೋಗೂದ್ರಾಗ ಪಿಚ್ಚರ್ ಸುರುವಾಗಿರ್ತಿತ್ತು, ಮಗಳ. ಒಂದರದೂ ಸುರು ನೋಡಿಲ್ಲ ನಾ. ಆದ್ರೂ ಎಲ್ಲಾದಕ್ಕೂ ಅತ್ತೇನಿ."

ಎದೆ ಹಗುರಾಯಿತು. ಮರುದಿನ ಬೆಳಿಗ್ಗೆ ಮೊದಲ ದೃಶ್ಯದ ಹಾಳೆಯನ್ನು ಇದ್ದ ಹಾಗೆಯೇ ಬಿಟ್ಟು, ಎರಡನೆಯದನ್ನು ಬರೆಯತೊಡಗಿದೆ.