ಕಂಡಕ್ಟರು ಕೂತ ಕುರ್ಚಿ

ಚನ್ನಗಿರಿ ಬಸ್ ಸ್ಟ್ಯಾಂಡಿನಲ್ಲಿ ಪಂಚಾಕ್ಷರಪ್ಪ ಕೂತದ್ದನ್ನು ಕಂಡವರು ಯಾರೂ ಇಲ್ಲ. ಹಾಗಂತ ಅವರೇ ಹೇಳಿಕೊಳ್ಳುತ್ತಿದ್ದರು, ಹೇಳಿಕೊಳ್ಳುವಾಗ ಎದೆ ಒಂದಿಷ್ಟು ಮುಂದಕ್ಕೆ ಬರುತ್ತಿತ್ತು. ಖಾಸಗಿ ಬಸ್ಸಿನ ಕಂಡಕ್ಟರಾಗಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದ ಮನುಷ್ಯ. ಶುರುವಿನಲ್ಲಿ ನ್ಯಾಮತಿ-ಹೊನ್ನಾಳಿ ಲೈನು, ಆಮೇಲೆ ಕೊನೆಯತನಕ ಚನ್ನಗಿರಿಯಿಂದ ದಾವಣಗೆರೆ ಮೇಲೆ ಜಗಳೂರಿಗೆ ಹೋಗುವ ಹಳದಿ ಗಾಡಿ. ಟೀ ಕುಡಿಯುವುದೂ ನಿಂತೇ, ಉಪ್ಪಿಟ್ಟು ತಿನ್ನುವುದೂ ನಿಂತೇ, ಹೆಂಡತಿಯ ಕಡೆಯವರು ಸಿಕ್ಕರೆ ಕ್ಷೇಮ ಸಮಾಚಾರವೂ ನಿಂತೇ. ಬಸ್ಸಿನಲ್ಲಿ ಕಂಡಕ್ಟರಿಗೆಂದು ಒಂದು ಸೀಟಿತ್ತು. ಅದರಲ್ಲಿ ಬಾಣಂತಿಯರು, ಮುದುಕರು, ಒಮ್ಮೊಮ್ಮೆ ಜಗಳೂರು ಕಡೆಯ ಕುರಿಮರಿಗಳು ಕೂತು ಹೋದದ್ದುಂಟು. ಇವರು ಮಾತ್ರ ಕೂರಲಿಲ್ಲ. ಜನ ನಿಂತಿರುವಾಗ ಕಂಡಕ್ಟರು ಕೂರಬಾರದು ಎನ್ನುವುದು ಅವರ ಕಾಯಿದೆ. ಅದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ತಾವೇ ಮಾಡಿಕೊಂಡಿದ್ದರು.

ಆಳು ಎತ್ತರ. ಬಸ್ಸಿನ ಚಾವಣಿಗೆ ತಲೆ ತಾಗದಂತೆ ಕತ್ತು ಬಗ್ಗಿಸಿ ಬಗ್ಗಿಸಿ, ಕೆಲಸ ಬಿಟ್ಟ ಮೇಲೂ ಅದು ಹಾಗೇ ಉಳಿದಿತ್ತು. "ಇದು ಮನೆ ಕಣ್ರೀ, ಬಸ್ಸಲ್ಲ. ನೆಟ್ಟಗೆ ನಿಂತ್ಕಳ್ರಿ" ಅಂತ ಹೆಂಡತಿ ಸರ್ವಮಂಗಳಮ್ಮ ಪಡಸಾಲೆಯಲ್ಲಿ ಎಷ್ಟು ಸಲ ಹೇಳಿದ್ದರೋ.

ಇನ್ನೂ ನಿಲ್ಲದ ಬಸ್ಸಿನಿಂದ ಇಳಿದು, ಹೊರಟ ಬಸ್ಸನ್ನು ಹತ್ತಿ, ಹಿಂದಿನ ಏಣಿ ಏರಿ ಮೆಕ್ಕೆಜೋಳದ ಚೀಲ ಜೋಡಿಸಿ, ಅಷ್ಟು ವರ್ಷದಲ್ಲಿ ಒಂದು ದಿನವೂ ಬೀಳದ ಈ ಮನುಷ್ಯ ಹೋದ ವರ್ಷ ಸ್ವಂತ ಮನೆಯ ಬಚ್ಚಲಲ್ಲಿ ಜಾರಿಬಿದ್ದರು. ಸೊಂಟದ ಮೂಳೆ ಮುರಿಯಿತು, ಆಪರೇಷನ್ ಆಯಿತು. ಯಾರಾದರೂ ಕೈ ಹಿಡಿದರೆ ಎದ್ದು ನಿಲ್ಲಬಹುದು, ಕಂಬಿ ಸಿಕ್ಕರೆ ನಾಲ್ಕು ಹೆಜ್ಜೆ ಎತ್ತಿಡಬಹುದು. ಅದರಾಚೆಗೆ ಕಾಲು ಮಾತು ಕೇಳುವುದಿಲ್ಲ. ಅಂದಿನಿಂದ ಕಿಟಕಿ ಪಕ್ಕದ ಮಂಚವೇ ಗತಿಯಾಯಿತು. ಮನೆ ದಾವಣಗೆರೆ ರಸ್ತೆಗೆ ಹತ್ತಿರ. ಹಾರ್ನ್ ಕೇಳಿ ಇದು ಯಾವ ಗಾಡಿ, ಇವತ್ತು ಎಷ್ಟು ತಡ ಅಂತ ಹೇಳುವುದು, ಕೇಳುವವರು ಇಲ್ಲದಿದ್ದರೂ ಹೇಳುವುದು, ಇಷ್ಟೇ ಉಳಿದ ಉದ್ಯೋಗ.

ಅಂಥದ್ದರಲ್ಲಿ ಜಗಳೂರಿನಿಂದ ತಿಪ್ಪೇರುದ್ರನ ಫೋನು ಬಂತು.

ತಿಪ್ಪೇರುದ್ರ ಅಂದರೆ ಹಳದಿ ಗಾಡಿಯ ಡ್ರೈವರು. ಪಂಚಾಕ್ಷರಪ್ಪನವರು ಆ ಗಾಡಿಯಲ್ಲಿ ಇದ್ದಷ್ಟು ಕಾಲವೂ ಸ್ಟೇರಿಂಗು ಅವನ ಕೈಯಲ್ಲೇ ಇತ್ತು. ಮಾತು ಕಡಿಮೆ. ಹಿಂದಿನಿಂದ ಪಂಚಾಕ್ಷರಪ್ಪನವರು "ರೈಟ್" ಅನ್ನುವತನಕ ಅವನು ಗಾಡಿ ಬಿಡುತ್ತಿರಲಿಲ್ಲ. ಒಮ್ಮೆ ಸಂತೇಬೆನ್ನೂರಿನಲ್ಲಿ ಬಸ್ಸಿನ ಮಾಲೀಕರೇ ಮುಂದಿನ ಸೀಟಿನಲ್ಲಿ ಕೂತಿದ್ದರು. ಅವರಿಗೆ ಎಲ್ಲಿಗೋ ಅವಸರ. ಪಂಚಾಕ್ಷರಪ್ಪನವರು ಯಾವುದೋ ಅಜ್ಜಿಯ ಗಂಟು ಇಳಿಸಲು ಕೆಳಗಿಳಿದಿದ್ದರು. "ಬಿಡೋ, ಹೊತ್ತಾತು" ಅಂತ ಮಾಲೀಕರು ಗದರಿದರು. ತಿಪ್ಪೇರುದ್ರ ತಿರುಗಿಯೂ ನೋಡದೆ, "ಹಿಂದೆ ಏನೈತೆ ಅಂತ ನಿಮಗೂ ಕಾಣಾಕಿಲ್ಲ ಸಾವ್ಕಾರ್ರೆ, ನನಗೂ ಕಾಣಾಕಿಲ್ಲ. ಅವನಿಗೆ ಕಾಣ್ತೈತೆ. ಅವನು ಹೇಳ್ಲಿ" ಅಂದುಬಿಟ್ಟ. ಆ ಕತೆ ಇಡೀ ಲೈನಿನಲ್ಲಿ ಓಡಾಡಿತು. ಬಿದ್ದ ಮೇಲೆ ಮಂಚದಲ್ಲಿ ಮಲಗಿ ಪಂಚಾಕ್ಷರಪ್ಪನವರು ಅದನ್ನು ಹೆಂಡತಿಗೆ ಹೊಸದಾಗಿ ಹೇಳಿದ್ದೇ ಹೇಳಿದ್ದು, ಆಕೆ ಹೊಸದಾಗಿ ಕೇಳಿದ್ದೇ ಕೇಳಿದ್ದು.

"ಮನೆ ಕಟ್ಸೀನಿ. ಬರೋ ತಿಂಗಳು ಗೃಹಪ್ರವೇಶ" ಅಂದ ತಿಪ್ಪೇರುದ್ರ ಫೋನಿನಲ್ಲಿ. "ನೀನು ಬರ್ಬೇಕು ನೋಡು."

"ಬರ್ತೀನಿ."

"ಹೆಂಗೆ ಬರ್ತೀ?"

"ಬಸ್ಸಿಗೆ ಬರ್ತೀನಿ. ಮತ್ತೆ ಹೆಂಗೆ ಬರ್ತಾರೆ ಜಗಳೂರಿಗೆ?"

ಹೇಳುವುದೇನೋ ಹೇಳಿದರು. ಫೋನು ಇಟ್ಟ ಮೇಲೆ ತಮ್ಮ ಕಾಲುಗಳನ್ನು ನೋಡಿಕೊಂಡರು.

ಮಗಳು ಸಂಧ್ಯಾರಾಣಿ ಹೊನ್ನಾಳಿಯ ಹೈಸ್ಕೂಲಿನಲ್ಲಿ ಟೀಚರು. ಭಾನುವಾರ ಬಂದವಳು ವಿಷಯ ಕೇಳಿ, "ಕಾರು ಮಾಡ್ತೀನಿ ಅಪ್ಪಾಜಿ, ಆರಾಮಾಗಿ ಹೋಗಿ ಬರ್ರಿ" ಅಂದಳು.

"ಹಿಂದಿನ ಸೀಟಲ್ಲಿ ಒರಗಿಸ್ಕಂಡು ಹೋಗಾಕೆ ನಾನೇನು ಆಸ್ಪತ್ರೆಗೆ ಹೊಂಟೀನೇನವ್ವಾ? ತಿಪ್ಪೇರುದ್ರನ ಮನೆಗೆ ಹೊಂಟೀನಿ. ಬಸ್ಸಿಗೇ ಹೋಗೋದು."

ಹಠ ಅಂದರೆ ಹಠ. ಬಸ್ಸಿಗೆ ಹೋಗುವುದಾದರೆ ಗಾಲಿಕುರ್ಚಿ ಬೇಕು, ಅದು ಮಡಚುವಂಥದ್ದಾಗಬೇಕು. ಅಪ್ಪ ಮಗಳು ಆಟೋದಲ್ಲಿ ಬಸ್ ಸ್ಟ್ಯಾಂಡಿನ ಎದುರಿಗಿರುವ ರಘುನಾಥನ ಅಂಗಡಿಗೆ ಹೋದರು. ಊರುಗೋಲು, ಸೊಂಟದ ಬೆಲ್ಟು, ಗಾಲಿಕುರ್ಚಿ ಇಂಥವನ್ನೇ ಮಾರುವ ಅಂಗಡಿ. ಪಂಚಾಕ್ಷರಪ್ಪನವರು ಆಟೋದಿಂದ ಇಳಿಯಲಿಲ್ಲ. ರಘುನಾಥನೇ ಕುರ್ಚಿಗಳನ್ನು ಹೊರಗೆ ತಂದ. ಒಂದು ದೊಡ್ಡ ಗಾಲಿಯದು, ದಪ್ಪ ಮೆತ್ತೆಯದು, ಭಾರದ್ದು. ಇನ್ನೊಂದು ನಾಲ್ಕೂ ಕಡೆ ಸಣ್ಣ ಗಾಲಿಯ ಹಗೂರದ ಕುರ್ಚಿ.

"ಅಪ್ಪಾಜಿ, ಇದರಲ್ಲಿ ಒಂದ್ಸಲ ಕೂತು ನೋಡ್ರಿ" ಅಂತ ಮಗಳು ಮೆತ್ತೆಯ ಕುರ್ಚಿಯನ್ನು ಮುಂದಕ್ಕೆ ತಳ್ಳಿದಳು.

"ಕೂರೋದಿರ್ಲಿ, ಮಡಚು ನೋಡೋಣ."

ಮಡಚಿದಳು. ಪಂಚಾಕ್ಷರಪ್ಪನವರು ಆಟೋದಿಂದಲೇ ಕೈ ಚಾಚಿ ಗೇಣಿನಲ್ಲಿ ಅಳೆದರು. ಅಗಲ ನೋಡಿದರು, ಎತ್ತರ ನೋಡಿದರು, ಎತ್ತಿಸಿ ತೂಕ ಅಂದಾಜು ಮಾಡಿದರು. ಸಂತೆಗೆ ಹೊರಟ ಚೀಲ, ಮದುವೆ ಮನೆಯ ಹಂಡೆ, ಕೋಳಿಬುಟ್ಟಿ, ಎಲ್ಲವನ್ನೂ ಹೀಗೇ ಕಣ್ಣಲ್ಲಿ ಅಳೆದು ಇದು ಕಾಲಡಿಗೆ, ಇದು ಮೇಲಕ್ಕೆ ಅಂತ ತೀರ್ಮಾನ ಕೊಟ್ಟ ಮನುಷ್ಯ. "ಇದು ಬಾಗಿಲಿಗೆ ಸಿಕ್ಕಾಕ್ಕಂತೈತೆ. ಟಾಪಿಗೇ ಹಾಕ್ಬೇಕು" ಅಂದರು. ಅಷ್ಟಕ್ಕೂ ಸಮಾಧಾನವಾಗದೆ ಎರಡೂ ಕುರ್ಚಿಗಳನ್ನು ರಸ್ತೆ ದಾಟಿಸಿ, ನಿಂತಿದ್ದ ಜಗಳೂರು ಬಸ್ಸಿಗೇ ಹತ್ತಿಸಿ ನೋಡಿಸಿದರು. ಈಗಿನ ಗಾಡಿ ಬಿಳಿ ಬಣ್ಣದ್ದು, ಆದರೂ ಜನ ಹಳದಿ ಗಾಡಿ ಅಂತಲೇ ಕರೆಯುತ್ತಾರೆ. ಅದರ ಕಂಡಕ್ಟರು ಪರಶುರಾಮ್ ಬಾಗಿಲಲ್ಲಿ ನಿಂತು ಕುರ್ಚಿಗಳನ್ನು ಒಂದೊಂದಾಗಿ ಒಳಗೆ ತಗೊಂಡ, ಹೊರಗೆ ಕೊಟ್ಟ. ನಿಂತವರೆಲ್ಲ ತಲೆಗೊಂದು ಸಲಹೆ ಕೊಟ್ಟರು. ಹಗೂರದ ಕುರ್ಚಿ ಕೊನೆಯ ಸೀಟಿನ ಹಿಂದೆ ಸದ್ದಿಲ್ಲದೆ ಹೋಗಿ ಕೂತಿತು.

"ಇದೇ ಇರ್ಲಿ" ಅಂದರು ಪಂಚಾಕ್ಷರಪ್ಪ.

"ಒಂದ್ಸಲ ಕುಂತು ನೋಡಿ ಯಜಮಾನ್ರೇ" ಅಂತ ರಘುನಾಥ ಹೇಳಿದ.

"ಕುರ್ಚಿ ಅಂದ್ಮೇಲೆ ಕೂರಾಕೆ ಬಂದೇ ಬರ್ತೈತೆ. ನಡೀರಿ" ಅಂತ ಆಟೋದವನಿಗೆ ಹೇಳಿದರು. ಆಟೋ ಹೊರಟಾಗ ಒಂದು ಸಲ ಬಸ್ ಸ್ಟ್ಯಾಂಡಿನ ಕಡೆ ನೋಡಿ ಮುಖ ತಿರುಗಿಸಿಕೊಂಡರು.

ಮನೆಯಲ್ಲಿ ಕೂತಾಗ ಗೊತ್ತಾಯಿತು. ಮೊಣಕಾಲು ಎದೆಯ ಹತ್ತಿರಕ್ಕೆ ಬಂತು. ಸೀಟಿನ ಬಟ್ಟೆ ಜೋಲಿಯಂತೆ ಬಗ್ಗಿ, ಕಂಬಿ ಎರಡೂ ತೊಡೆಗೆ ಒತ್ತಿತು. ಆಪರೇಷನ್ ಆದ ಸೊಂಟ ಗಳಿಗೆ ಹೊತ್ತಿಗೇ ಚುಚ್ಚತೊಡಗಿತು. ಬಾಯಿ ಬಿಡಲಿಲ್ಲ. "ಚಲೋ ಐತೆ" ಅಂತಲೇ ಅಂದರು. ಮಗಳು ಹೊನ್ನಾಳಿಗೆ ಹೊರಟುಹೋದಳು.

ಮಾರನೆಯ ದಿನ ಸರ್ವಮಂಗಳಮ್ಮ ಅವರನ್ನು ಕುರ್ಚಿಯಲ್ಲಿ ಕೂರಿಸಿ, ನೆಲ ಒರೆಸಲೆಂದು ಒಂದು ಮೂಲೆಗೆ ತಳ್ಳಿ, ಹಾಗೇ ಪಕ್ಕದ ಮನೆಗೆ ಹೋದರು. ಹೋದವರು ಮಾತಿಗೆ ನಿಂತರು. ಇತ್ತ ಪಂಚಾಕ್ಷರಪ್ಪನವರ ಮುಖ ಗೋಡೆಯ ಕಡೆ. ಸಣ್ಣ ಗಾಲಿ, ಕೈಗೆ ಎಟುಕುವುದಿಲ್ಲ; ಹಿಂದಿನಿಂದ ಯಾರಾದರೂ ತಳ್ಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೊರಗೆ ಜಗಳೂರು ಗಾಡಿಯ ಹಾರ್ನ್ ಕೇಳಿತು. ತಿರುಗಿ ನೋಡಬೇಕೆಂದರೆ ಆಗಲಿಲ್ಲ. ಗಾಡಿ ಹೋಯಿತು, ಗೋಡೆ ಉಳಿಯಿತು. ಅವರಿಗೆ ಸಿಟ್ಟು ಬಂತು, ಆಮೇಲೆ ಅಳು ಬಂತು.

ಹೆಂಡತಿ ಬಂದು ನೋಡಿದರೆ ಗಂಡನ ಕಣ್ಣು ಕೆಂಪಗಾಗಿದೆ. ಕುರ್ಚಿ ತಿರುಗಿಸಿ, ಎದುರಿಗೆ ಕೂತು, ನಡೆದದ್ದೆಲ್ಲ ಬಾಯಿ ಬಿಡಿಸಿದರು.

"ಇಡೀ ಬಸ್ಸಿನ ಮಂದಿನ ಕೂರ್ಸಿದೋರು ನೀವು. ನಿಮ್ಮೊಬ್ಬರ ಸೀಟು ನೋಡ್ಕಳಾಕೆ ಬರ್ಲಿಲ್ವಾ? ಅಲ್ಲೇ ಒಂದ್ಸಲ ಕುಂತು ನೋಡಿದ್ರೆ ಏನಾಗ್ತಿತ್ತು?"

ಪಂಚಾಕ್ಷರಪ್ಪ ಪಂಚೆಯ ಅಂಚಿನಲ್ಲಿ ಕಣ್ಣೊರೆಸಿಕೊಂಡರು.

ಸರ್ವಮಂಗಳಮ್ಮನ ದನಿ ಇಳಿಯಿತು. "ಸ್ಟ್ಯಾಂಡಿನಾಗೆ ಎಲ್ರ ಮುಂದೆ ಕೂರಾಕೆ ನಾಚಿಕೆ ಆಯ್ತೇನ್ರೀ?"

"ಹೂಂ" ಅಂದರು ಪಂಚಾಕ್ಷರಪ್ಪ. "ಅಲ್ಲಿ ನಾನು ನಿಂತಿದ್ದೋನು. ಅಲ್ಲಿ ಹೆಂಗೆ ಕೂರ್ಲಿ?"

"ಕೂರದಿದ್ರೆ ಜಗಳೂರಿಗೆ ಹೋಗಾಕೆ ಆಗಾಕಿಲ್ಲ. ಹಂಗಾರೆ ಫೋನ್ ಮಾಡಿ ಹೇಳ್ರಿ ತಿಪ್ಪೇರುದ್ರಣ್ಣಗೆ, ಬರಲ್ಲ ಅಂತ."

ಆಕೆ ಫೋನನ್ನು ತಂದು ಅವರ ಮಡಿಲಲ್ಲಿಟ್ಟರು. ಪಂಚಾಕ್ಷರಪ್ಪ ಅದನ್ನು ಮುಟ್ಟಲಿಲ್ಲ. "ಆಟೋ ಕರಿ" ಅಂದರು.

ಈ ಸಲ ಇಳಿದರು. ಅಂಗಡಿಯ ಮುಂದೆ, ನಡುಮಧ್ಯಾಹ್ನದ ಬೆಳಕಿನಲ್ಲಿ, ಸ್ಟ್ಯಾಂಡಿಗೆ ಸ್ಟ್ಯಾಂಡೇ ಎದುರಿಗಿರುವಾಗ, ರಘುನಾಥನ ಹೆಗಲು ಹಿಡಿದು ಒಂದು ಕುರ್ಚಿಯಲ್ಲಿ ಕೂತರು. ಕಣ್ಣು ಮುಚ್ಚಿಕೊಂಡಿದ್ದರು. ಊರೆಲ್ಲ ತಮ್ಮನ್ನೇ ನೋಡುತ್ತಿದೆ ಎಂದು ಅವರ ಲೆಕ್ಕ. ಕಣ್ಣು ಬಿಟ್ಟರೆ ಊರು ತನ್ನ ಪಾಡಿಗೆ ಬಸ್ಸು ಹಿಡಿಯುತ್ತಿತ್ತು. ನೋಡುತ್ತಿದ್ದವಳು ಒಬ್ಬಳೇ, ಅಂಗಡಿಯ ಮಗ್ಗುಲಲ್ಲಿ ಬುಟ್ಟಿ ಇಟ್ಟುಕೊಂಡು ಹೂ ಮಾರುವ ಅಂಜಮ್ಮ.

"ಈಗ ಕುಂತ್ರಾ ಕಂಡಕ್ಟರಪ್ಪಾ?" ಅಂದಳು ಅವಳು. "ನಿಮ್ಮ ಕೂಡೆ ಮಾತಾಡಾಕೆ ತಲೆ ಎತ್ತಿ ಎತ್ತಿ ನನ್ನ ಕುತ್ತಿಗೆ ಬಿದ್ದೋಗಿತ್ತು. ಇವತ್ತು ಮುಖ ಕಾಣ್ತು ನೋಡ್ರಿ."

ಅವಳ ಮುಖವನ್ನು ಅವರೂ ಅಂದೇ ಸರಿಯಾಗಿ ಕಂಡದ್ದು. ಅಷ್ಟು ವರ್ಷ ಅವರಿಗೆ ಕಾಣುತ್ತಿದ್ದದ್ದು ಅವಳ ಬೈತಲೆ ಮತ್ತು ಹೂವಿನ ಬುಟ್ಟಿ. ಪಂಚಾಕ್ಷರಪ್ಪನವರಿಗೆ ನಗು ಬಂತು. ನಕ್ಕ ಮೇಲೆ ಕೂರುವುದು ಸಲೀಸಾಯಿತು.

ಆಮೇಲೆ ರಘುನಾಥ ಕುರ್ಚಿ ಮೇಲೆ ಕುರ್ಚಿ ತಂದ. ತೊಡೆಯ ಪಕ್ಕ ಅಂಗೈ ಇಳಿಯುವಷ್ಟು ಜಾಗವಿದೆಯೇ ನೋಡಿದ. ಪಾದದ ಹಲಗೆಯನ್ನು ಇಳಿಸಿ ಇಳಿಸಿ, ಮೊಣಕಾಲು ತೊಡೆಯ ಮಟ್ಟಕ್ಕೆ ಬರುವಂತೆ ಮಾಡಿದ. ಕೊನೆಗೆ ಒಂದು ಹೊಂದಿತು. ಸೀಟು ಎತ್ತರ, ಹಿಂದಿನ ಗಾಲಿ ದೊಡ್ಡದು, ಅದರ ಹೊರಸುತ್ತಿನ ಬಳೆ ಹಿಡಿದು ತಾವೇ ತಿರುಗಿಸಬಹುದು. ಕೈಯಾಸರೆ ಮೇಲಕ್ಕೆ ಎತ್ತಿದರೆ ಮಂಚಕ್ಕೆ ಜರುಗುವುದು ಸುಲಭ. ಸೀಟಿನ ಮೇಲೆ ಬೇರೆಯಾಗಿ ಇಡುವ ಮೆತ್ತೆ. ಪಾದದ ಹಲಗೆ ಕಳಚಿ, ಸೀಟು ಹಿಡಿದು ಮೇಲಕ್ಕೆತ್ತಿದರೆ ಮಡಚಿಕೊಳ್ಳುತ್ತದೆ. ಮೊದಲಿನದಕ್ಕಿಂತ ಭಾರ ಹೌದು.

"ಹಳೇದನ್ನ ವಾಪಸ್ ಇಟ್ಕಂತೀನಿ ಬಿಡಿ" ಅಂದ ರಘುನಾಥ. "ಕೂರದೆ ಕುರ್ಚಿ ಒಯ್ದ ಗಿರಾಕಿ ನೀವೊಬ್ಬರೇ."

ಪಂಚಾಕ್ಷರಪ್ಪ ಗಾಲಿಯ ಬಳೆ ಹಿಡಿದು ತಾವೇ ಒಂದು ಸುತ್ತು ತಿರುಗಿದರು. ಬೀದಿ, ಅಂಗಡಿ, ಅಂಜಮ್ಮ, ಹೆಂಡತಿ, ಬಸ್ ಸ್ಟ್ಯಾಂಡು, ಎಲ್ಲ ಒಂದು ಸಲ ಎದುರಿಗೆ ಬಂದು ಹೋದವು. "ಬಸ್ಸಿಗೆ ಹಿಡಿಸ್ತೈತೋ ಇಲ್ವೋ ಅಂತ ನೋಡ್ಬೇಡ್ವೇನ್ರೀ?" ಅಂತ ಸರ್ವಮಂಗಳಮ್ಮ ಛೇಡಿಸಿದರು. "ಹಿಡಿಸ್ತೈತೆ" ಅಂದರು. "ಹಿಡಿಸ್ದಿದ್ರೆ ಜಾಗ ಮಾಡ್ಸೋದು ನನಗೆ ಗೊತ್ತಿಲ್ವಾ?"

ಗೃಹಪ್ರವೇಶದ ದಿನ ಬೆಳಿಗ್ಗೆ ಗಂಡ ಹೆಂಡತಿ ಬಸ್ಸಿಗೆ ಬಂದರು. "ಸರ್ಕಾರಿ ಬಸ್ಸಾಗಿದ್ರೆ ನನಗೆ ಟಿಕೆಟ್ಟೇ ಇರ್ತಿರ್ಲಿಲ್ಲ" ಅಂತ ಸರ್ವಮಂಗಳಮ್ಮ ಗೊಣಗಿದರು. ಪಂಚಾಕ್ಷರಪ್ಪ ಎರಡೂ ಕೈಯಲ್ಲಿ ಕಂಬಿ ಹಿಡಿದು, ಪರಶುರಾಮ್ ಹಿಂದಿನಿಂದ ಆಸರೆ ಕೊಟ್ಟು, ಒಂದೊಂದೇ ಮೆಟ್ಟಿಲು ಹತ್ತಿದರು. ಆ ಕಂಬಿ ಅವರ ಅಂಗೈಗೆ ಹಳೆಯ ಪರಿಚಯ. ಕುರ್ಚಿ ಕೊನೆಯ ಸೀಟಿನ ಹಿಂದೆ ಒಂದಿಷ್ಟು ಕೊಸರಾಡಿ ಹಿಡಿಸಿತು. ಪರಶುರಾಮ್ ತನ್ನ ಸೀಟನ್ನೇ ತೋರಿಸಿ, "ಕುಂತ್ಕಳಿ ಅಣ್ಣಾರೆ" ಅಂದ. ಕಂಡಕ್ಟರ್ ಸೀಟು ಇಷ್ಟು ಮೆತ್ತಗಿರುತ್ತದೆ ಎಂದು ಪಂಚಾಕ್ಷರಪ್ಪನವರಿಗೆ ಗೊತ್ತೇ ಇರಲಿಲ್ಲ.

ಗಾಡಿ ಸೂಳೆಕೆರೆ ಏರಿಗೆ ಬಂದಾಗ ಕಿಟಕಿ ತುಂಬ ನೀರು. ವರ್ಷಗಟ್ಟಲೆ ಹಾದುಹೋದ ಕೆರೆ. ನಿಂತವರಿಗೆ ಬಸ್ಸಿನ ಕಿಟಕಿಯಲ್ಲಿ ಕಾಣುವುದು ರಸ್ತೆಯ ಅಂಚು ಮಾತ್ರ. ಕೆರೆ ಕಾಣುವುದು ಕೂತವರಿಗೆ. ಜನ ಇದೇ ಜಾಗದಲ್ಲಿ ಟಿಕೆಟ್ ಕೇಳಿದರೂ ಕಿವಿಗೊಡದೆ ಹೊರಗೆ ನೋಡುತ್ತಿದ್ದದ್ದು, ತಾವು ರೇಗುತ್ತಿದ್ದದ್ದು ನೆನಪಾಯಿತು. ಮೀನಿನ ಬುಟ್ಟಿಯವರು ಹತ್ತುತ್ತಿದ್ದ ತಿರುವು, ದಾವಣಗೆರೆಯ ಗದ್ದಲ, ಅದು ದಾಟಿದ ಮೇಲೆ ಒಣಗಾಳಿ, ಶೇಂಗಾ ಹೊಲ, ರಸ್ತೆಗಡ್ಡ ಬಂದ ಕುರಿಹಿಂಡು. ಪ್ರತಿ ಸ್ಟಾಪಿನಲ್ಲೂ "ರೈಟ್" ಎನ್ನುವ ಮಾತು ಅವರ ಗಂಟಲಿಗೆ ಬಂದು ನಿಲ್ಲುತ್ತಿತ್ತು. ಹೇಳಬೇಕಾದವನು ಪರಶುರಾಮ್. ಅವನು ಹೇಳುತ್ತಿದ್ದ, ಇವರು ನುಂಗಿಕೊಳ್ಳುತ್ತಿದ್ದರು. ಕೆಲಸ ಬಿಟ್ಟ ದಿನದಿಂದ ಆ ಮಾತನ್ನು ಅವರು ಒಮ್ಮೆಯೂ ಆಡಿರಲಿಲ್ಲ.

ಜಗಳೂರು ಸ್ಟ್ಯಾಂಡಿನಲ್ಲಿ ತಿಪ್ಪೇರುದ್ರ ಬಿಳಿ ಪಂಚೆ ಉಟ್ಟು ಕಾದಿದ್ದ. ತೆಳ್ಳಗಾಗಿದ್ದ, ಹುಬ್ಬೂ ನರೆತಿತ್ತು. ಪಂಚಾಕ್ಷರಪ್ಪ ಇಳಿದು ಕುರ್ಚಿಯಲ್ಲಿ ಕೂತದ್ದನ್ನು ಅವನು ನಿಂತು ನೋಡಿದ. ಇಬ್ಬರೂ ಒಬ್ಬರನ್ನೊಬ್ಬರು ಹೀಗೆ ಕಂಡಿರಲಿಲ್ಲ. ಯಾವಾಗಲೂ ಕೂತಿರುತ್ತಿದ್ದವನು ನಿಂತಿದ್ದ, ನಿಂತಿರುತ್ತಿದ್ದವರು ಕೂತಿದ್ದರು.

"ಸೀಟು ಆರಾಮೈತಾ?" ಅಂತ ತಿಪ್ಪೇರುದ್ರ ಕೇಳಿದ.

"ಆರಾಮೈತೆ."

ಅವನು ಹಿಂದಕ್ಕೆ ಹೋಗಿ ಕುರ್ಚಿಯ ಹಿಡಿಗಳನ್ನು ಹಿಡಿದುಕೊಂಡ. ಮನೆ ಅಲ್ಲೇ ಎರಡು ಬೀದಿ ಆಚೆ. ಸರ್ವಮಂಗಳಮ್ಮ ಮುಂದೆ ನಡೆದರು. ಕುರ್ಚಿ ಅಲುಗಲಿಲ್ಲ. ಪಂಚಾಕ್ಷರಪ್ಪ ಸ್ವಲ್ಪ ಹೊತ್ತು ಕಾದು, "ಯಾಕೋ ನಿಂತೆ? ಅಲ್ಲಿ ಪೂಜೆಗೆ ಹೊತ್ತಾಗ್ತೈತೆ" ಅಂದರು.

"ನೀನು ಹೇಳ್ದೆ ನಾನ್ಯಾವತ್ತು ಗಾಡಿ ಬಿಟ್ಟೀನಿ?" ಅಂದ ತಿಪ್ಪೇರುದ್ರ ಹಿಂದಿನಿಂದ.

ಪಂಚಾಕ್ಷರಪ್ಪ ಹಿಂದೆ ನೋಡಿದರು, ಎರಡೂ ಪಕ್ಕ ನೋಡಿದರು. ಪಾದ ಹಲಗೆಯ ಮೇಲಿದೆ, ಪಂಚೆ ಗಾಲಿಗೆ ಸಿಕ್ಕಿಲ್ಲ, ಎದುರಿಗೆ ಯಾರೂ ಅಡ್ಡವಿಲ್ಲ. ಕತ್ತು ನೆಟ್ಟಗೆ ಮಾಡಿದರು.

"ರೈಟ್" ಅಂದರು.

ತಿಪ್ಪೇರುದ್ರ ಗಾಡಿ ಬಿಟ್ಟ.