ಕಿಣಿ ಎನ್ನದ ಪಾರ್ಸೆಲ್

ಬರ್ ದುಬೈಯ ಹಳೇ ನಾಣ್ಯದ ವ್ಯಾಪಾರಿ ಜಮಾಲ್ ಸಾಹೇಬರು ಕೊರಿಯರಿಗೆ ಕೊಡುವ ಪ್ರತಿ ನಾಣ್ಯವನ್ನೂ ರಟ್ಟುಗಳ ನಡುವೆ ಮಲಗಿಸಿ, ಟೇಪು ಸುತ್ತಿ, ಡಬ್ಬಿಯೊಳಗೆ ಡಬ್ಬಿ ಇಟ್ಟು, ತೆಂಗಿನಕಾಯಿ ಕೊಳ್ಳುವವರಂತೆ ಕಿವಿಯ ಬಳಿ ಅಲ್ಲಾಡಿಸುತ್ತಾರೆ. ಕಿಣಿ ಎಂದಿತೋ, ಖಲಾಸ್, ಮೊದಲಿನಿಂದ ಶುರು! “ಎಂತ ಸಾಹೇಬ್ರೆ, ನಾಣ್ಯಕ್ಕೂ ಬಾಣಂತನವಾ?” ಎಂದು ಪಕ್ಕದ ಬಟ್ಟೆ ಅಂಗಡಿಯ ಕೊರಗಪ್ಪ ಛೇಡಿಸಿದರೆ, “ಸದ್ದಾದ್ರೆ ಕಳ್ಳನಿಗೆ ಕೇಳ್ತದೆ ಮಾರಾಯಾ!” ಎನ್ನುತ್ತಾರೆ. ಮೂರು ಸಲ ತೂಗಿ, ಒಯ್ಯಲು ಬಂದ ಕೊರಿಯರ್ ಡ್ರೈವರನ ಎದುರೇ ಡಬ್ಬಿ ಮುಚ್ಚಿ, ಅವನನ್ನೂ ನಗಿಸಿ ಫೋಟೋ ತೆಗೆಯುತ್ತಾರೆ. ಆ ಫೋಟೋ ಡ್ರೈವರನ ರಕ್ಷಣೆಗೆ. ಹಿಂದೊಮ್ಮೆ ಗಿರಾಕಿಗೆ ಖಾಲಿ ಡಬ್ಬಿ ತಲುಪಿದಾಗ ಇವರು ಕೊಟ್ಟ ದೂರಿಗೆ ಒಬ್ಬ ಡ್ರೈವರ್ ಕೆಲಸ, ವೀಸಾ ಎರಡೂ ಕಳೆದುಕೊಂಡು ಊರಿಗೆ ಮರಳಿದ. ಬಡವನಾದ ಮೇಲೆ ವಿಚಾರಣೆ ಯಾಕೆ ಬೇಕು! ನಾಣ್ಯ ತಿಂಗಳ ನಂತರ ಇವರದೇ ಮೇಜಿನಡಿ, ಟೇಪಿನ ತುಂಡಿಗೆ ಅಂಟಿಕೊಂಡು ಸಿಕ್ಕಿತು. ಅದನ್ನು ಅವನಿಗೇ ಕಳಿಸಬೇಕೆಂದು ಸಾಹೇಬರು ಈಗಲೂ ಬಂದ ಬಂದ ಡ್ರೈವರರನ್ನೆಲ್ಲ ಅವನ ಊರಿನ ವಿಳಾಸ ಕೇಳುತ್ತಾರೆ.